ನೀರಲ್ಲೇ ನಿಂತು ಬಾಯಾರುವ ಹೂ

ಹೂವಿನ ಬಗ್ಗೆ ಎಲ್ಲಿ ಮಾತಾಡಲು ಹೋದರೂ ಮೊದಲು ಬರುವ ಪ್ರಶ್ನೆ ಒಂದೇ. "ಸಾರ್, ನೀರಿಗೆ ಏನು ಹಾಕಬೇಕು?" ಸಕ್ಕರೆಯೋ, ಆಸ್ಪಿರಿನ್ ಮಾತ್ರೆಯೋ, ತಾಮ್ರದ ನಾಣ್ಯವೋ? ಅದಕ್ಕೂ ಬರೋಣ. ಇಲ್ಲಿ ಬೆಳೆಗಾರರಿದ್ದೀರಿ, ಹೂವಿನ ಅಂಗಡಿಯವರಿದ್ದೀರಿ, ಮನೆಯಲ್ಲಿ ಸುಮ್ನೆ ಒಂದು ಹೂದಾನಿ ಇಟ್ಟುಕೊಳ್ಳುವವರೂ ಇದ್ದೀರಿ. ನಿಮಗೆಲ್ಲ ಸೇರಿಸಿ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ನೀರಿಗೆ ಹಾಕುವ ಪುಡಿಯ ಪಾಲು ಕೊನೆಯದು, ಚಿಕ್ಕದು. ಹೂ ಎಷ್ಟು ದಿನ ಬಾಳುತ್ತದೆ ಎನ್ನುವುದು ಬಹುಪಾಲು ಕೊಯ್ದ ಮೊದಲ ಕೆಲವು ಗಂಟೆಗಳಲ್ಲೇ ತೀರ್ಮಾನವಾಗಿರುತ್ತದೆ.

ಗುಲಾಬಿಯಿಂದ ಶುರು ಮಾಡುತ್ತೇನೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಆನೇಕಲ್, ಆಚೆ ಹೊಸೂರು, ಈ ಕಡೆಯವರಿಗೆಲ್ಲ ಉದ್ದ ದಂಟಿನ ಡಚ್ ರೋಜ್ ಗುಲಾಬಿ ಗೊತ್ತೇ ಇದೆ. ಅಂಗಡಿಯಿಂದ ತಂದ ಗುಲಾಬಿ ಎರಡನೇ ದಿನ ಕತ್ತು ಬಗ್ಗಿಸಿ ನಿಲ್ಲುವುದನ್ನು ನೀವೆಲ್ಲ ನೋಡಿರುತ್ತೀರಿ. ಎಸಳು ಇನ್ನೂ ಗಟ್ಟಿಯಾಗಿರುತ್ತದೆ, ಬಣ್ಣ ಹೋಗಿರುವುದಿಲ್ಲ, ಹೂದಾನಿಯಲ್ಲಿ ಅರ್ಧ ಅಡಿ ನೀರಿರುತ್ತದೆ. ಆದರೂ ಮೊಗ್ಗಿನ ಕೆಳಗಿನ ದಂಟು ಮೆತ್ತಗಾಗಿ ತಲೆ ನೇತುಬಿದ್ದಿರುತ್ತದೆ. "ವಯಸ್ಸಾಯಿತು" ಅಂತ ಎಸೆದುಬಿಡುತ್ತೇವೆ. ಅದಕ್ಕೆ ವಯಸ್ಸಾಗಿಲ್ಲ, ಬಾಯಾರಿಕೆಯಾಗಿದೆ. ಸುತ್ತ ನೀರಿದೆ, ತಲೆಗೆ ಹತ್ತುತ್ತಿಲ್ಲ, ಅಷ್ಟೇ.

ಯಾಕೆ ಹತ್ತುತ್ತಿಲ್ಲ? ದಂಟಿನ ಒಳಗೆ ಕೂದಲಿಗಿಂತ ಸಣ್ಣ ನೀರಿನ ನಾಳಗಳಿವೆ. ಎಲೆ, ಎಸಳುಗಳಿಂದ ನೀರು ಆವಿಯಾದಂತೆ ಕೆಳಗಿನ ನೀರು ಎಳೆದುಕೊಂಡು ಮೇಲೆ ಬರುತ್ತದೆ. ಗಿಡದಲ್ಲಿ ಇರುವವರೆಗೆ ಈ ಎಳೆತ ಒಂದೇ ಸಮ ನಡೆಯುತ್ತಿರುತ್ತದೆ. ಕಟರ್ ಹಾಕಿ ಕತ್ತರಿಸಿದಿರಿ ಅಂದುಕೊಳ್ಳಿ. ಮೇಲಿನ ಎಳೆತ ನಿಲ್ಲುವುದಿಲ್ಲ, ಕೆಳಗೆ ನೀರಿಲ್ಲ, ನಾಳಕ್ಕೆ ಗಾಳಿ ನುಗ್ಗುತ್ತದೆ. ಎಳನೀರಿನ ಸ್ಟ್ರಾ ಕಾಯಿಯೊಳಗಿನ ನೀರಿನಿಂದ ಮೇಲಕ್ಕೆ ಬಂದಾಗ ಸೊರ್ ಅಂತ ಗಾಳಿ ಬರುತ್ತದಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ನಾವು ಸ್ಟ್ರಾವನ್ನು ಮತ್ತೆ ನೀರಿಗೆ ಅದ್ದಿ ಜೋರಾಗಿ ಎಳೆಯಬಹುದು. ಹೂವಿಗೆ ಅಷ್ಟು ಶಕ್ತಿ ಇಲ್ಲ.

ಗಾಳಿ ಮೊದಲನೆಯದು. ಎರಡನೆಯದು ಬ್ಯಾಕ್ಟೀರಿಯಾ. ಕತ್ತರಿಸಿದ ಜಾಗದಿಂದ ಸಕ್ಕರೆ, ಜೀವಕೋಶದ ರಸ ನೀರಿಗೆ ಇಳಿಯುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಅವು ಬೆಳೆದು, ಲೋಳೆ ಮಾಡಿ, ನಾಳದ ಬಾಯಿ ಮುಚ್ಚುತ್ತವೆ. ಸತ್ತ ಬ್ಯಾಕ್ಟೀರಿಯಾ ಕೂಡ ಅಡ್ಡವೇ. ನಿಮ್ಮ ಅಂಗಡಿಯ ಬಕೆಟ್ ಒಳಗೋಡೆಗೆ ಒಮ್ಮೆ ಬೆರಳು ಸವರಿ ನೋಡಿ. ಜಾರಿದರೆ, ಅಂಥದೇ ಲೋಳೆ ದಂಟಿನ ಒಳಗೂ ಇದೆ ಅಂತ ಲೆಕ್ಕ. ಮೂರನೆಯದು ಗಿಡದ್ದೇ ಕೆಲಸ. ಗಾಯವಾದ ಕಡೆ ಗಿಡ ತಾನಾಗಿ ಒಂದಷ್ಟು ಅಂಟು ಸುರಿಸಿ ಮುಚ್ಚಿಕೊಳ್ಳುತ್ತದೆ. ಗಿಡಕ್ಕೆ ಅದು ರಕ್ಷಣೆ, ನಮಗೆ ತೊಂದರೆ.

ಕತ್ತು ಬಗ್ಗಿದ ಗುಲಾಬಿಯನ್ನು ಬದುಕಿಸಬಹುದು, ಮಾಡಿ ನೋಡಿ. ಉಗುರುಬೆಚ್ಚಗಿನ ನೀರು ಅಗಲದ ಟಬ್ಬಿನಲ್ಲಿ ತುಂಬಿ. ದಂಟಿನ ತುದಿಯನ್ನು ನೀರಿನೊಳಗೇ ಹಿಡಿದು ಎರಡು ಮೂರು ಇಂಚು ಕತ್ತರಿಸಿ. ಆಮೇಲೆ ಇಡೀ ಹೂವನ್ನು, ತಲೆ ಎಲೆ ಎಲ್ಲ ಸೇರಿಸಿ, ನೀರಿನಲ್ಲಿ ಮಲಗಿಸಿ. ಕತ್ತನ್ನು ಬೆರಳಿನಿಂದ ನೇರ ಮಾಡಿ ಇಡಿ. ಒಂದು ಗಂಟೆ ಬಿಟ್ಟು ತೆಗೆದರೆ ಎಷ್ಟೋ ಸಲ ಸೆಟೆದು ನಿಂತಿರುತ್ತದೆ. ಮುಚ್ಚಿದ ತುದಿ ಹೋಯಿತು, ಮೇಲಿನಿಂದ ಆವಿಯಾಗುವುದು ನಿಂತಿತು, ಬೆಚ್ಚಗಿನ ನೀರು ಸಲೀಸಾಗಿ ಹತ್ತಿತು, ಇಷ್ಟೇ ಇದರ ಗುಟ್ಟು. ಆದರೆ ತೀರಾ ಎಳೆಯ ಮೊಗ್ಗನ್ನು ಕೊಯ್ದಿದ್ದರೆ ಇದೂ ಕೆಲಸ ಮಾಡುವುದಿಲ್ಲ. ಕತ್ತಿನ ಭಾಗ ಆಗ ಇನ್ನೂ ಬಲಿತೇ ಇರುವುದಿಲ್ಲ.

ಓರೆಯಾಗಿ ಕತ್ತರಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಕತ್ತರಿಸಿ, ತಪ್ಪಿಲ್ಲ. ದಂಟಿನ ತುದಿ ಪಾತ್ರೆಯ ತಳಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುವುದಿಲ್ಲ, ಅದೊಂದು ಲಾಭ. ಆದರೆ ಓರೆಗಿಂತ ಮುಖ್ಯ ಕಟರ್ ಹರಿತವಾಗಿರುವುದು. ಮೊಂಡು ಕತ್ತರಿಯಲ್ಲಿ ಜಜ್ಜಿದ ದಂಟಿಗೆ ಕೋನ ಎಷ್ಟಿದ್ದರೇನು?

ಜರ್ಬೆರಾ ಬೆಳೆಯುವವರಿಗೆ ಇಲ್ಲೊಂದು ಮಾತು. ಅದನ್ನು ಕತ್ತರಿಸುವುದಿಲ್ಲ, ಬುಡದಲ್ಲಿ ಹಿಡಿದು ಪಕ್ಕಕ್ಕೆ ತಿರುಚಿ ಕೀಳುತ್ತೇವೆ. ಕತ್ತರಿಸಿದರೆ ಗಿಡದಲ್ಲಿ ಉಳಿದ ತುಂಡು ಕೊಳೆಯುತ್ತದೆ. ಸರಿ, ಕಿತ್ತಿರಿ. ಈಗ ದಂಟಿನ ಬುಡ ನೋಡಿ. ಒಂದಿಂಚು ಉದ್ದಕ್ಕೆ ಗಟ್ಟಿಯಾಗಿ, ಸ್ವಲ್ಪ ದಪ್ಪವಾಗಿ ಹಿಮ್ಮಡಿ ಥರ ಇರುತ್ತದೆ. ಅದರ ಮೂಲಕ ನೀರು ಸರಿಯಾಗಿ ಏರುವುದಿಲ್ಲ. ಅದನ್ನು ಕತ್ತರಿಸಿ ತೆಗೆದು ಆಮೇಲೆ ನೀರಿಗಿಡಬೇಕು. ಕೂಲಿ ಕೆಲಸದ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ. ಇನ್ನೊಂದು, ಜರ್ಬೆರಾ ದಂಟಿಗೆ ಮೈತುಂಬ ಸಣ್ಣ ರೋಮ, ಒಳಗೆ ಟೊಳ್ಳು. ಬ್ಯಾಕ್ಟೀರಿಯಾಗೆ ಇದಕ್ಕಿಂತ ಒಳ್ಳೆಯ ಮನೆ ಬೇಕೇ? ಬಕೆಟ್ ತುಂಬ ನೀರು ಹಾಕಿ ಅರ್ಧ ದಂಟು ಮುಳುಗಿಸಬೇಡಿ. ನಾಲ್ಕು ಬೆರಳು ನೀರು ಸಾಕು, ಶುದ್ಧವಾಗಿರಲಿ. ಕೊಯ್ಯುವ ಹದ ನೋಡಲು ಹೂವಿನ ನಡುವಿನ ಕಣ್ಣು ನೋಡಿ. ಹೊರಗಿನ ಎರಡು ಸುತ್ತಿನಲ್ಲಿ ಪರಾಗ ಕಾಣಿಸಿದ ಮೇಲೆ ಕೊಯ್ಯಿರಿ. ಅದಕ್ಕಿಂತ ಮೊದಲು ಕಿತ್ತ ಜರ್ಬೆರಾ ಬೇಗ ಬಗ್ಗುತ್ತದೆ.

ನೀರು ಶುದ್ಧ ಅಂದರೆ ಏನು? ಬ್ಲೀಚಿಂಗ್ ಪೌಡರ್ ಸಾಕು. ಹೊಸ ಪೌಡರ್‌ನಲ್ಲಿ ಮೂರರಲ್ಲಿ ಒಂದು ಪಾಲು ಕ್ಲೋರಿನ್ ಸಿಗುತ್ತದೆ. ಹೂವಿನ ಬಕೆಟ್‌ಗೆ 50 ಪಿಪಿಎಂ, ಅಂದರೆ ಲೀಟರಿಗೆ 50 ಮಿಲಿಗ್ರಾಂ, ಕ್ಲೋರಿನ್ ಬೇಕೆಂದರೆ 10 ಲೀಟರ್ ನೀರಿಗೆ ಒಂದೂವರೆ ಗ್ರಾಂ ಪೌಡರ್. ಮುಷ್ಟಿ ಲೆಕ್ಕದಲ್ಲಿ ಹಾಕಿದರೆ ದಂಟೇ ಸುಟ್ಟು ಬೆಳ್ಳಗಾಗುತ್ತದೆ. ಬಾಯಿ ತೆರೆದಿಟ್ಟ ಚೀಲದ ಪೌಡರ್‌ಗೆ ಶಕ್ತಿ ಉಳಿದಿರುವುದಿಲ್ಲ. ಬಿಸಿಲಿಗೆ ಇಟ್ಟ ಬಕೆಟ್‌ನಲ್ಲಿ ಕ್ಲೋರಿನ್ ಬೇಗ ಹಾರಿಹೋಗುತ್ತದೆ, ಆದ್ದರಿಂದ ದಿನಾ ಹೊಸ ನೀರು ಮಾಡಬೇಕು. ಇನ್ನೊಂದು ದಾರಿ ಸಿಟ್ರಿಕ್ ಆಸಿಡ್, ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೊಡುತ್ತಾರಲ್ಲ, ಅದು. 10 ಲೀಟರಿಗೆ 3 ಗ್ರಾಂ. ನೀರು ಹುಳಿಯಾದರೆ ಬ್ಯಾಕ್ಟೀರಿಯಾ ನಿಧಾನವಾಗುತ್ತದೆ, ನಾಳದಲ್ಲಿ ನೀರೂ ಚೆನ್ನಾಗಿ ಏರುತ್ತದೆ. ಗಡಸು ನೀರಾದರೆ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಎರಡನ್ನೂ ಒಂದೇ ಬಕೆಟ್‌ಗೆ ಹಾಕಬೇಡಿ. ಬ್ಲೀಚಿಂಗ್ ಪೌಡರ್‌ಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಪ್ಯಾಕಿಂಗ್ ಶೆಡ್‌ನಲ್ಲಿ ಅದು ಆಟದ ವಿಷಯ ಅಲ್ಲ.

ನೀರಿನ ಮಾತು ಬಂದದ್ದರಿಂದ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯಿಂದ ಬಂದವರಿಗೆ ಒಂದು ವಿಷಯ. ನಿಮ್ಮ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಹಲ್ಲು, ಮೂಳೆಯ ತೊಂದರೆ ನಿಮಗೆ ಗೊತ್ತು. ಗ್ಲಾಡಿಯೋಲಸ್, ಜರ್ಬೆರಾ ಹೂಗಳಿಗೂ ಅದು ವಿಷ. ಲೀಟರಿಗೆ 1 ಮಿಲಿಗ್ರಾಂ ಇದ್ದರೂ ಎಸಳಿನ ಅಂಚು ಕಂದಾಗಿ ಒಣಗುತ್ತದೆ. ರೋಗ ಅಂತ ತಿಳಿದು ಔಷಧಿ ಹೊಡೆಯುತ್ತಾ ಕೂತರೆ ದುಡ್ಡು ದಂಡ. ಕೊಯ್ದ ಮೇಲೆ ಇಡುವ ಬಕೆಟ್‌ಗಾದರೂ ಮಳೆ ನೀರೋ ಆರ್‌ಓ ನೀರೋ ಬಳಸಿ. ಗಡಸು ನೀರನ್ನು ಮೆದು ಮಾಡಲು ಉಪ್ಪು ಹಾಕುವ ಸಾಫ್ಟ್‌ನರ್ ಯಂತ್ರ ಇರುತ್ತದಲ್ವಾ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇರುವಂಥದ್ದು, ಆ ನೀರು ಮಾತ್ರ ಗುಲಾಬಿಗೆ ಬೇಡ. ಅದರಲ್ಲಿ ಸೋಡಿಯಂ ಇರುತ್ತದೆ.

ಇಷ್ಟು ಹೊತ್ತು ನೀರಿನ ಬಗ್ಗೆಯೇ ಹೇಳಿದೆ. ಆದರೆ ಬೆಳೆಗಾರನಿಗೆ ನಿಜವಾದ ವೈರಿ ಬಿಸಿ. ಕೊಯ್ದ ಹೂ ಉಸಿರಾಡುತ್ತಲೇ ಇರುತ್ತದೆ. ತನ್ನೊಳಗೆ ಕೂಡಿಟ್ಟ ಸಕ್ಕರೆಯನ್ನು ಸುಡುತ್ತದೆ. ಗಿಡದಿಂದ ಹೊಸ ಸರಬರಾಜು ಇಲ್ಲ, ಇದ್ದುದನ್ನೇ ತಿಂದು ಮುಗಿಸಬೇಕು. ಪ್ರತಿ 10 ಡಿಗ್ರಿ ಬಿಸಿ ಏರಿದರೆ ಉಸಿರಾಟ ಎರಡರಿಂದ ಮೂರು ಪಟ್ಟಾಗುತ್ತದೆ. ಲೆಕ್ಕ ಹಾಕಿ. ಸೊನ್ನೆ ಡಿಗ್ರಿಯ ಕೋಲ್ಡ್ ರೂಮಿನಲ್ಲಿರುವ ಗುಲಾಬಿಗೆ ಹೋಲಿಸಿದರೆ, 30 ಡಿಗ್ರಿಯ, ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್‌ನಲ್ಲಿ ಬಿದ್ದಿರುವ ಗುಲಾಬಿ ಕಡಿಮೆಯೆಂದರೂ ಎಂಟು ಪಟ್ಟು ವೇಗವಾಗಿ ತನ್ನನ್ನು ತಾನೇ ಸುಟ್ಟುಕೊಳ್ಳುತ್ತಿದೆ. ಅಲ್ಲಿ ಕಳೆದ ಎರಡು ಗಂಟೆ ಅಂದರೆ ತಂಪಿನಲ್ಲಿ ಕಳೆಯಬಹುದಾಗಿದ್ದ ಹದಿನಾರು ಗಂಟೆ ಅಲ್ಲೇ ಖರ್ಚಾದ ಹಾಗೆ.

ಆದ್ದರಿಂದ ಬೆಳಿಗ್ಗೆ ಕೊಯ್ದ ಹೂ, ಸಾಲು ಮುಗಿಯಲಿ, ಕಾಫಿ ಆಗಲಿ ಅಂತ ಪಾಲಿಹೌಸ್‌ನ ಮೂಲೆಯಲ್ಲಿ ಕಾಯಬಾರದು. ಬಕೆಟ್ ಕೊಯ್ಯುವವರ ಜೊತೆಯಲ್ಲೇ ಹೋಗಬೇಕು. ಕತ್ತರಿಸಿದ ತಕ್ಷಣ ನೀರು, ಅಲ್ಲಿಂದ ನೇರ ನೆರಳು, ನೆರಳಿನಿಂದ ತಂಪು. ಗುಲಾಬಿ, ಕಾರ್ನೇಶನ್, ಸೇವಂತಿಗೆ ಸೊನ್ನೆಯಿಂದ ಎರಡು ಡಿಗ್ರಿಯಲ್ಲಿ ಹಾಯಾಗಿರುತ್ತವೆ. ಗ್ಲಾಡಿಯೋಲಸ್‌ಗೆ ಎರಡರಿಂದ ಐದು. ಅದನ್ನು ನಿಲ್ಲಿಸಿಯೇ ಇಡಿ. ಮಲಗಿಸಿದರೆ ತುದಿ ಮೇಲಕ್ಕೆ ಬಗ್ಗಿ ಕೊಕ್ಕೆಯಾಗುತ್ತದೆ, ಆಮೇಲೆ ನೇರ ಆಗುವುದೇ ಇಲ್ಲ.

ಕೋಲ್ಡ್ ರೂಮಿನ ಬಾಗಿಲು ಮುಚ್ಚಿದರೆ ಹೂ ತಣ್ಣಗಾಯಿತು ಅಂತ ಅಂದುಕೊಳ್ಳಬೇಡಿ. ಬಾಕ್ಸ್‌ನಲ್ಲಿ ಬಿಗಿಯಾಗಿ ತುಂಬಿದ ಗುಲಾಬಿಯ ನಡುವಿನ ಬಿಸಿ ಹೊರಬರಲು ತುಂಬಾ ಹೊತ್ತು ಬೇಕು, ಹೂವಿನ ಉಸಿರಾಟದ ಬಿಸಿಯೂ ಅದಕ್ಕೆ ಸೇರುತ್ತದೆ. ಅದಕ್ಕೇ ಬಾಕ್ಸ್‌ನ ತೂತುಗಳ ಮೂಲಕ ತಣ್ಣನೆ ಗಾಳಿಯನ್ನು ಫ್ಯಾನ್ ಇಟ್ಟು ಎಳೆಯುವುದು. ಪ್ರೇಮಿಗಳ ದಿನಕ್ಕೆ ಬೆಂಗಳೂರಿನಿಂದ ವಿಮಾನ ಹತ್ತುವ ತಾಜ್ ಮಹಲ್ ತಳಿಯ ಗುಲಾಬಿಗೆ ಈ ಉಪಚಾರ ಸಿಗುತ್ತದೆ. ಹೆಬ್ಬಾಳದ ಹರಾಜಿಗೆ ಗೂಡ್ಸ್ ಆಟೋದಲ್ಲಿ ಹೋಗುವ ಹೂವಿಗೂ ಅದೇ ಬಾಳು ಬೇಡವೇ? ಇನ್ನು ತಣ್ಣನೆ ಹೂವನ್ನು ಹೊರಗೆ ತಂದು ತಕ್ಷಣ ಪ್ಲಾಸ್ಟಿಕ್ ಸುತ್ತಿದರೆ ಎಸಳಿನ ಮೇಲೆ ಬೆವರು ಕೂರುತ್ತದೆ. ಮರುದಿನ ಬೂದು ಬೂಷ್ಟು ಹಿಡಿಯುತ್ತದೆ.

ಎಷ್ಟು ಗಂಟೆಗೆ ಕೊಯ್ಯಬೇಕು? ಬೆಳಿಗ್ಗೆ ಹೂವಿನಲ್ಲಿ ನೀರು ತುಂಬಿರುತ್ತದೆ, ಸಂಜೆ ಎಲೆಯಲ್ಲಿ ಸಕ್ಕರೆ ತುಂಬಿರುತ್ತದೆ. ಎರಡಕ್ಕೂ ವಾದ ಇದೆ. ನಮ್ಮ ಕಡೆಯ ಬಿಸಿಲಿಗೆ ನನ್ನ ಓಟು ಬೆಳಿಗ್ಗೆಗೇ.

ಇಲ್ಲಿ ಸ್ವಲ್ಪ ಕಹಿ ಮಾತು. ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ರೇಟು ಏರುತ್ತದೆ ಅಂತ ಹೂವನ್ನು ಕೋಲ್ಡ್ ರೂಮಿನಲ್ಲಿ ಹಿಡಿದಿಡುತ್ತೀರಿ. ವ್ಯಾಪಾರ ನಿಮ್ಮದು, ಬೇಡ ಅನ್ನಲು ನಾನು ಯಾರು? ಆದರೆ ಹಬ್ಬದ ದಿನ ಅದನ್ನು ಕೊಂಡವರ ಮನೆಯಲ್ಲಿ ಸಂಜೆಗೇ ಬಾಡಿದರೆ ಅವರು ಬೈಯುವುದು ಅಂಗಡಿಯವನಿಗೆ. ಅಂಗಡಿಯವನು ಮುಂದಿನ ಸಲ ನಿಮ್ಮ ಬಂಚ್ ಮುಟ್ಟುವುದಿಲ್ಲ.

ಇನ್ನು ಎಥಿಲೀನ್. ಕಣ್ಣಿಗೆ ಕಾಣದ ಅನಿಲ. ಹಣ್ಣನ್ನು ಮಾಗಿಸುವುದು ಇದೇ. 1908ರಲ್ಲಿ ಅಮೆರಿಕದ ಷಿಕಾಗೋದ ಕ್ರಾಕರ್ ಮತ್ತು ನೈಟ್ ಎನ್ನುವ ಇಬ್ಬರು ವಿಜ್ಞಾನಿಗಳು ಒಂದು ವರದಿ ಬರೆದರು. ಅಲ್ಲಿನ ಗಾಜಿನ ಮನೆಗಳಲ್ಲಿ ಕಾರ್ನೇಶನ್ ಹೂಗಳು ಅರಳಿದ್ದೇ ಮತ್ತೆ ಮುಚ್ಚಿಕೊಂಡು 'ನಿದ್ದೆ ಹೋಗುತ್ತಿದ್ದವು'. ದೀಪ ಉರಿಸಲು ಬಳಸುತ್ತಿದ್ದ ಅನಿಲದ ಸೋರಿಕೆ ಇದಕ್ಕೆ ಕಾರಣ, ಆ ಅನಿಲದಲ್ಲಿದ್ದ ಎಥಿಲೀನ್ ಇದನ್ನು ಮಾಡುತ್ತದೆ ಅಂತ ಅವರು ತೋರಿಸಿದರು. ಇವತ್ತಿಗೂ ಕಾರ್ನೇಶನ್ ಎಥಿಲೀನ್‌ಗೆ ಬೇಗ ಬಲಿಯಾಗುವ ಹೂ. ಆರ್ಕಿಡ್‌ಗಳದ್ದೂ ಇದೇ ಕತೆ. ಗುಲಾಬಿಯಲ್ಲಿ ತಳಿಯಿಂದ ತಳಿಗೆ ಬೇರೆ. ಸೇವಂತಿಗೆ, ಜರ್ಬೆರಾ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ.

ನಮ್ಮ ಮನೆಗಳಲ್ಲಿ ಎಥಿಲೀನ್ ಎಲ್ಲಿಂದ ಬರುತ್ತದೆ? ದೇವರ ಮುಂದೆ ನೋಡಿ. ಒಂದೇ ತಟ್ಟೆಯಲ್ಲಿ ಹೂ, ಬಾಳೆಹಣ್ಣು. ಪಕ್ಕದಲ್ಲಿ ಊದಿನಕಡ್ಡಿಯ ಹೊಗೆ. ಹೊಗೆಯಲ್ಲೂ ಈ ಅನಿಲ ಇರುತ್ತದೆ. ಪೂಜೆ ಹಾಗೇ ನಡೆಯಲಿ, ಅದಕ್ಕೆ ನಾನು ಅಡ್ಡಬರುವುದಿಲ್ಲ. ಆದರೆ ಊಟದ ಮೇಜಿನ ಮೇಲೆ ಮಾಗಿದ ಮಾವಿನಹಣ್ಣಿನ ಬುಟ್ಟಿ, ಅದರ ಪಕ್ಕ ಕಾರ್ನೇಶನ್ ಹೂದಾನಿ ಇಟ್ಟು, "ಮೂರೇ ದಿನಕ್ಕೆ ಹೋಯಿತು" ಅಂತ ಅಂಗಡಿಯವನನ್ನು ದೂರಬೇಡಿ. ಬಾಡಿದ ಹೂವೂ ಎಥಿಲೀನ್ ಬಿಡುತ್ತದೆ. ಗುಚ್ಛದಲ್ಲಿ ಒಂದು ಬಾಡಿದರೆ ಅವತ್ತೇ ಎತ್ತಿ ಹಾಕಿ.

ಕಾರ್ನೇಶನ್ ಬೆಳೆಗಾರರಿಗೆ 1970ರ ದಶಕದಲ್ಲಿ ಒಂದು ಮದ್ದು ಸಿಕ್ಕಿತು. ಬೆಳ್ಳಿಯ ಅಯಾನು, ಅಂದರೆ ವಿದ್ಯುದಂಶ ಹೊತ್ತ ಬೆಳ್ಳಿಯ ಕಣ, ಎಥಿಲೀನ್‌ನ ಆಟ ತಡೆಯುತ್ತದೆ ಎನ್ನುವುದು ಗೊತ್ತಾಗಿ, ಅದನ್ನು ದಂಟಿನಲ್ಲಿ ಸುಲಭವಾಗಿ ಏರುವ ರೂಪಕ್ಕೆ ತಂದರು. ಸಿಲ್ವರ್ ಥಯೋಸಲ್ಫೇಟ್ ಅದರ ಹೆಸರು, ಎಸ್‌ಟಿಎಸ್ ಅಂತಾರೆ. ಕೊಯ್ದ ಮೇಲೆ ಸ್ವಲ್ಪ ಹೊತ್ತು ಅದರಲ್ಲಿ ನಿಲ್ಲಿಸಿದರೆ ಕಾರ್ನೇಶನ್ ಬಾಳು ಎರಡು ಪಟ್ಟಾಗುವುದೂ ಉಂಟು. ಆದರೆ ಬೆಳ್ಳಿ ಭಾರ ಲೋಹ, ಮಿಕ್ಕ ದ್ರಾವಣವನ್ನು ಚರಂಡಿಗೆ ಚೆಲ್ಲುವ ಹಾಗಿಲ್ಲ. ಆಮೇಲೆ ಬಂದದ್ದು 1-ಎಂಸಿಪಿ. ಅಮೆರಿಕದ ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದ ಸಿಸ್ಲರ್ ಮತ್ತು ಬ್ಲ್ಯಾಂಕೆನ್‌ಶಿಪ್ ಇದಕ್ಕೆ 1996ರಲ್ಲಿ ಪೇಟೆಂಟ್ ಪಡೆದರು. ಇದು ಅನಿಲ. ಹೂವಿನ ಜೀವಕೋಶದಲ್ಲಿ ಎಥಿಲೀನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂತುಬಿಡುತ್ತದೆ. ತಿಂಗಳುಗಟ್ಟಲೆ ಗೋದಾಮಿನಲ್ಲಿದ್ದರೂ ಗರಿಗರಿಯಾಗಿರುವ ಸೇಬಿನ ಹಿಂದೆಯೂ ಇದರದ್ದೇ ಕೈವಾಡ ಇರುತ್ತದೆ.

ಸರಿ, ಸಕ್ಕರೆಗೆ ಬರೋಣ. ಸಕ್ಕರೆ ಹೂವಿಗೆ ಊಟ, ಅದು ನಿಜ. ಆದರೆ ಬರೀ ಸಕ್ಕರೆ ಹಾಕಿದರೆ ಹೂವಿಗಿಂತ ಮೊದಲು ಬ್ಯಾಕ್ಟೀರಿಯಾ ಉಣ್ಣುತ್ತದೆ. ಸಕ್ಕರೆ ಹಾಕುವುದಾದರೆ ಜೊತೆಗೆ ಹುಳಿ ಇರಲೇಬೇಕು. ಮನೆಯಲ್ಲಾದರೆ ಒಂದು ಲೀಟರ್ ನೀರಿಗೆ ಎರಡು ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ. ದಿನ ಬಿಟ್ಟು ದಿನ ನೀರು ಬದಲಿಸಿ, ಪ್ರತಿ ಸಲ ದಂಟಿನ ತುದಿ ಅರ್ಧ ಇಂಚು ಕತ್ತರಿಸಿ. ನೀರಿಗೆ ತಾಗುವ ಎಲೆಗಳನ್ನೆಲ್ಲ ಕಿತ್ತುಹಾಕಿ. ಇಷ್ಟು ಮಾಡಲು ಬೇಜಾರು ಅನ್ನುವವರು ಸಕ್ಕರೆ ಬಿಟ್ಟು ದಿನಾ ಬರೀ ನೀರು ಬದಲಿಸಿ, ಅದೇ ವಾಸಿ.

ಬೆಳೆಗಾರರ ಸಕ್ಕರೆ ಬೇರೆ ಥರ. ಗ್ಲಾಡಿಯೋಲಸ್, ಸುಗಂಧರಾಜ ಇವುಗಳ ಕಡ್ಡಿಯಲ್ಲಿ ಕೆಳಗಿನ ಹೂ ಅರಳುತ್ತದೆ, ಮೇಲಿನ ಮೊಗ್ಗುಗಳು ಹಸಿರಾಗಿಯೇ ಉದುರಿಹೋಗುತ್ತವೆ. ಅವನ್ನು ಅರಳಿಸುವಷ್ಟು ಕೂಡಿಟ್ಟ ಸಕ್ಕರೆ ಇಲ್ಲ. ಕೊಯ್ದ ದಿನ ಲೀಟರಿಗೆ 200 ಗ್ರಾಂ ಸಕ್ಕರೆ, ಜೊತೆಗೆ ಸಿಟ್ರಿಕ್ ಆಸಿಡ್ ಹಾಕಿದ ದ್ರಾವಣದಲ್ಲಿ ಒಂದು ರಾತ್ರಿ ನಿಲ್ಲಿಸಿದರೆ ಮೇಲಿನ ಮೊಗ್ಗುಗಳೂ ಅರಳುತ್ತವೆ. ಇದು ಒಂದೇ ಸಲ. ಆಮೇಲೆ ಮಾಮೂಲಿ ನೀರು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಸುವಾಸಿನಿ, ವೈಭವ್ ಎನ್ನುವ ಸುಗಂಧರಾಜ ತಳಿಗಳನ್ನು ಬೆಳೆಯುವವರು ಇದನ್ನು ಮಾಡಿ ನೋಡಿ. ಅವು ಸುತ್ತು ಹೂಗಳು, ಅಂದರೆ ಹಲವು ಸುತ್ತು ಎಸಳಿರುವಂಥವು, ಕಡ್ಡಿಯಾಗಿ ಮಾರುವಂಥವು. ಗುಲಾಬಿಗೆ ಮಾತ್ರ ಇಷ್ಟು ಸಕ್ಕರೆ ಕುಡಿಸಬೇಡಿ, ಎಲೆ ಸುಟ್ಟುಹೋಗುತ್ತದೆ.

ತಾಮ್ರದ ನಾಣ್ಯ ಬಾಕಿ ಇದೆಯಲ್ವಾ. ತಾಮ್ರಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಇದೆ. ಆದರೆ ಒಂದು ನಾಣ್ಯದಿಂದ ನೀರಿಗಿಳಿಯುವ ತಾಮ್ರ ಹೂದಾನಿಗೆ ಸಾಲುವುದಿಲ್ಲ. ಮೇಲಾಗಿ ಈಗ ನಿಮ್ಮ ಜೇಬಿನಲ್ಲಿರುವ ಒಂದು ರೂಪಾಯಿ ಸ್ಟೇನ್‌ಲೆಸ್ ಸ್ಟೀಲ್! ಆಸ್ಪಿರಿನ್ ನೀರನ್ನು ಸ್ವಲ್ಪ ಹುಳಿ ಮಾಡುತ್ತದೆ, ಆ ಕೆಲಸಕ್ಕೆ ನಿಂಬೆಹಣ್ಣು ಅಗ್ಗ.

ಮಲ್ಲಿಗೆಯ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ಇಲ್ಲಿಯವರೆಗಿನ ಮಾತೆಲ್ಲ ದಂಟಿರುವ ಹೂವಿನದ್ದು. ಮಲ್ಲಿಗೆ ಮೊಗ್ಗಿಗೆ ದಂಟೇ ಇಲ್ಲ, ನೀರು ಕುಡಿಸಲು ದಾರಿಯೇ ಇಲ್ಲ. ಇರುವ ನೀರು ಹೋಗದಂತೆ ತಡೆಯಬೇಕು, ತಂಪಾಗಿಡಬೇಕು, ಅಷ್ಟೇ. ಉಡುಪಿ ಹತ್ತಿರದ ಶಂಕರಪುರದ ಕಡೆ ಮುಂಜಾನೆ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಬಾಳೆಲೆಯಲ್ಲಿ ಸುತ್ತುತ್ತಾರೆ. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಬಾಳೆಲೆ ಅಂದಕ್ಕೆ ಅಲ್ಲ, ಒಳಗೆ ತೇವ ಹಿಡಿದಿಡಲು. ಬೆಂಗಳೂರಿನಲ್ಲಿ ಮಾರುವವರು ಮೊಗ್ಗಿನ ಮೇಲೆ ಮತ್ತೆ ಮತ್ತೆ ನೀರು ಚಿಮುಕಿಸುತ್ತಾರೆ. ಹೊಳೆಯುತ್ತದೆ, ತೂಕವೂ ಬರುತ್ತದೆ. ಆದರೆ ಮೊಗ್ಗಿನ ಮೇಲೆ ನಿಂತ ನೀರೇ ಅದನ್ನು ಕಂದಿಸುತ್ತದೆ. ಒದ್ದೆ ಬಟ್ಟೆ ಹೊದಿಸಿ, ಬಟ್ಟೆ ಒದ್ದೆ ಇರಲಿ, ಮೊಗ್ಗು ಒದ್ದೆ ಆಗುವುದು ಬೇಡ.

ಕೊನೆಯ ಪ್ರಶ್ನೆ, ಮನೆಯ ಫ್ರಿಜ್‌ನಲ್ಲಿ ಇಡಬಹುದಾ? ಮಲ್ಲಿಗೆ, ಗುಲಾಬಿ, ಸೇವಂತಿಗೆ ಧಾರಾಳವಾಗಿ ಇಡಿ. ಮಲ್ಲಿಗೆಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿ. ಹಣ್ಣಿನ ಟ್ರೇ ಇರುವ ಕಡೆ ಬೇಡ. ಫ್ರಿಜ್‌ನ ಹಿಂಗೋಡೆಗೆ ತಾಗಿಸಬೇಡಿ, ಅಲ್ಲಿ ಹೆಪ್ಪುಗಟ್ಟಿ ಎಸಳು ಗಾಜಿನಂತಾಗುತ್ತದೆ. ಕೊಡಗು, ಮಲೆನಾಡಿನಿಂದ ಬರುವ ಆಂಥೂರಿಯಂ ಮಾತ್ರ ಫ್ರಿಜ್‌ಗೆ ಬೇಡವೇ ಬೇಡ. ಅದು ಬಿಸಿ ನಾಡಿನ ಹೂ, 12 ಡಿಗ್ರಿಗಿಂತ ಕೆಳಗಿಳಿದರೆ ಮೈ ಕಪ್ಪಾಗುತ್ತದೆ. ಹೊರಗೆ, ಫ್ಯಾನ್ ಗಾಳಿ ನೇರ ಬೀಳದ ಕಡೆ ಇಟ್ಟು ನೀರು ಬದಲಿಸುತ್ತಿದ್ದರೆ ಎರಡು ಮೂರು ವಾರ ಆರಾಮಾಗಿ ನಿಲ್ಲುತ್ತದೆ.